ಯಾವ ಪುಸ್ತಕಕ್ಕೆ ನನ್ನ ಚಿತ್ರ?

ಓದುಗರೊಬ್ಬರ ಸಮಸ್ಯೆ ಹೀಗಿತ್ತು: ಚಿತ್ರಕಲೆ ಕಲಿತು ಮುಗಿಸಿದ್ದೇನೆ. ಪುಸ್ತಕಗಳಿಗೆ ಚಿತ್ರ ಬರೆಯುವ ಆಸೆ. ಪುಟ್ಟ ಮಕ್ಕಳ ಚಿತ್ರಪುಸ್ತಕ, ಪಠ್ಯಪುಸ್ತಕ, ಕಾದಂಬರಿಯ ಮುಖಪುಟ, ಕಾಮಿಕ್ಸ್ ಎಲ್ಲವೂ ಇಷ್ಟ. ಎಲ್ಲ ಬಗೆಯ ಮಾದರಿಗಳನ್ನೂ ಸೇರಿಸಿ ಸಿಕ್ಕ ಸಿಕ್ಕ ಪ್ರಕಾಶಕರಿಗೆ ಕಳಿಸಿದೆ. ಯಾರಿಂದಲೂ ಉತ್ತರವಿಲ್ಲ. ಒಂದನ್ನು ಆರಿಸಿಕೊ ಅನ್ನುತ್ತಾರೆ. ಹೇಗೆ ಆರಿಸಲಿ?

*

ಮಾದರಿ ಚಿತ್ರಗಳನ್ನು ನೋಡಿ ಕಲಾವಿದರನ್ನು ಆರಿಸುವುದೇ ನನ್ನ ಕೆಲಸ. ನೀವು ಕಳಿಸಿದಂಥ ಇಮೇಲ್‌ಗಳು ಬರುತ್ತಲೇ ಇರುತ್ತವೆ. ಮೊದಲನೆಯದು ಜಲವರ್ಣದ ಮೊಲ, ಎರಡನೆಯದು ರಕ್ತ ತೊಟ್ಟಿಕ್ಕುವ ಕತ್ತಿ, ಮೂರನೆಯದು ಹೃದಯದ ಒಳರಚನೆ. ಮೂರೂ ಚೆನ್ನಾಗಿಯೇ ಇರುತ್ತವೆ. ಆದರೆ ಆ ಹೊತ್ತಿಗೆ ನನ್ನ ಮೇಜಿನ ಮೇಲಿರುವುದು ಮೂರು ವರ್ಷದ ಮಕ್ಕಳಿಗೆ ಮಲಗುವಾಗ ಓದಿ ಹೇಳುವ ಕಥೆ. ನಿಮ್ಮ ಮೊಲ ಅತ್ತರೆ ಹೇಗಿರುತ್ತದೆ, ಓಡಿದರೆ ಹೇಗೆ, ಬೆನ್ನು ತಿರುಗಿಸಿ ಕೂತರೂ ಅದೇ ಮೊಲವೆಂದು ಗೊತ್ತಾಗುತ್ತದೆಯೇ? ನನಗೆ ಬೇಕಿರುವುದು ಅಷ್ಟು. ಅದು ಸಿಗಲಿಲ್ಲವೆಂದರೆ ಮುಂದಿನ ಇಮೇಲ್ ತೆರೆಯುತ್ತೇನೆ.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಚುವುದರಿಂದ ಪುಟಗಳು 8, 16ರ ಲೆಕ್ಕದಲ್ಲೇ ಬರುತ್ತವೆ. ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟಗಳನ್ನು ಕಳೆದರೆ ಕಥೆಗೆ ಉಳಿಯುವುದು 12ರಿಂದ 14 ಜೋಡಿಪುಟ, ಅಂದರೆ ಪುಸ್ತಕ ತೆರೆದಾಗ ಅಕ್ಕಪಕ್ಕ ಕಾಣುವ ಎರಡೆರಡು ಪುಟ. ಅಷ್ಟೂ ಕಡೆ ಅದೇ ಕಿವಿ, ಅದೇ ಮೂಗು ಉಳಿಸಿಕೊಂಡು ಒಂದೇ ಪಾತ್ರವನ್ನು ಬರೆಯಬೇಕು. ಹೀಗೆ ಮಾಡಿ ನೋಡಿ: ಗೊತ್ತಿರುವ ಒಂದು ಪುಟ್ಟ ಕಥೆಯನ್ನು 32 ಚಿಕ್ಕ ಚೌಕಗಳಿಗೆ ಪೆನ್ಸಿಲ್‌ನಲ್ಲಿ ಹಂಚಿ. ಎರಡು ಜೋಡಿಪುಟಗಳನ್ನು ಮಾತ್ರ ಪೂರ್ತಿ ಬಣ್ಣಕ್ಕೆ ತನ್ನಿ. ನಡುವಿನ ಮಡಿಕೆಯಲ್ಲಿ ಯಾರ ಮುಖವೂ ಸಿಕ್ಕಿಕೊಳ್ಳಬಾರದು. ಅಕ್ಷರಕ್ಕೆ ಜಾಗ ಬಿಟ್ಟಿರಬೇಕು. ಪುಟ ಕತ್ತರಿಸುವಾಗ ಬಿಳಿ ಅಂಚು ಕಾಣದ ಹಾಗೆ ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಬರೆದಿರಬೇಕು. ಐದನೇ ಪುಟಕ್ಕೇ ಆ ಮೊಲ ಸಾಕಪ್ಪಾ ಅನಿಸಿದರೆ ಈ ದಾರಿ ನಿಮ್ಮದಲ್ಲ. ಅದರಲ್ಲಿ ಅವಮಾನವೇನಿಲ್ಲ.

ಇನ್ನೊಂದು ಮಾತು. 8ರಿಂದ 12 ವರ್ಷದವರ ಕಾದಂಬರಿಗಳಲ್ಲಿ ಅಧ್ಯಾಯಕ್ಕೊಂದೆರಡು ಕಪ್ಪುಬಿಳುಪು ಚಿತ್ರಗಳಿರುತ್ತವೆ. ಎಲ್ಲರಿಗೂ ಬಣ್ಣದ ಮೋಹ. ಹಾಗಾಗಿ ಗೆರೆಯಲ್ಲೇ ನಗಿಸಬಲ್ಲವರು ನನಗೆ ಸಿಗುವುದು ಅಪರೂಪ.

— ಮಕ್ಕಳ ಪುಸ್ತಕಗಳ ಕಲಾ ಸಂಪಾದಕಿ

*

ತಂಗೀ, ತಿಂಗಳ ಖರ್ಚು ಯಾರು ನೋಡಿಕೊಳ್ಳುತ್ತಾರೆ, ಮೊದಲು ಅದನ್ನು ಹೇಳು. ನೀನೇ ಅಂದರೆ ಪಠ್ಯಪುಸ್ತಕಕ್ಕೆ ಬಾ. ಇಷ್ಟು ಚಿತ್ರಕ್ಕೆ ಇಷ್ಟು ಅಂತ ಮಾತಾಡಿಕೊಂಡ ಹಣ ಬರುತ್ತದೆ. ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಗಳ ಮೇಲೆ ಸಿಗುವ ಪಾಲು, ಇಲ್ಲ; ಮುಖಪುಟದಲ್ಲಿ ನಿನ್ನ ಹೆಸರಂತೂ ಇಲ್ಲವೇ ಇಲ್ಲ. ಆದರೆ ಒಂದು ತರಗತಿಯದು ಮುಗಿಯುವ ಹೊತ್ತಿಗೆ ಮುಂದಿನ ತರಗತಿಯದು ಬಂದಿರುತ್ತದೆ. ಗಡುವು ಬಿಗಿ, ತಿದ್ದುಪಡಿ ವಿಪರೀತ. ವಿಷಯ ತಜ್ಞರು ಒಂದು ಹೇಳಿದರೆ ಸಂಪಾದಕರು ಇನ್ನೊಂದು ಹೇಳುತ್ತಾರೆ. ದ್ಯುತಿಸಂಶ್ಲೇಷಣೆಯ ಚಿತ್ರದಲ್ಲಿ ಇಂಗಾಲದ ಡೈಆಕ್ಸೈಡ್ ಎಲೆಯೊಳಗೆ ಹೋಗುವ ಬಾಣವೂ ಆಮ್ಲಜನಕ ಹೊರಬರುವ ಬಾಣವೂ ಅದಲುಬದಲಾದರೆ, ಎಲೆ ಎಷ್ಟು ಹಸಿರಾಗಿದ್ದರೂ ಚಿತ್ರ ವಾಪಸ್. ಮುಖ ಸಿಂಡರಿಸದೆ ತಿದ್ದಿಕೊಡುವವರಿಗೆ ಇಲ್ಲಿ ಕೆಲಸ ತಪ್ಪುವುದಿಲ್ಲ. ಇದೆಂಥ ಕಲೆ ಎಂದು ಮೂಗು ಮುರಿಯುವವರು ಇದ್ದಾರೆ. ಕೀಟದ ಆರೂ ಕಾಲು ಎದೆಭಾಗದಿಂದಲೇ ಹೊರಡುವ ಹಾಗೆ ಅವರೊಮ್ಮೆ ಬರೆದು ತೋರಿಸಲಿ ನೋಡೋಣ.

— ಪಠ್ಯಪುಸ್ತಕ ಕಲಾವಿದ

*

ಮುಖಪುಟದಲ್ಲಿ ಕಥೆ ಹೇಳುವಂತಿಲ್ಲ, ಸುಳಿವು ಕೊಡಬೇಕು. ಮೊಬೈಲ್ ಪರದೆಯ ಮೇಲೆ ಹೆಬ್ಬೆರಳ ಉಗುರಿನಷ್ಟಾದಾಗಲೂ ಕಣ್ಣಿಗೆ ಹೊಡೆಯಬೇಕು. ಒಂದೇ ಚಿತ್ರ, ಬೇಗ ಮುಗಿಯುವ ಕೆಲಸ ಅನಿಸಬಹುದು. ಆದರೆ ಆ ಒಂದಕ್ಕೆ ಸಂಪಾದಕರು, ಲೇಖಕರು, ಮಾರಾಟ ವಿಭಾಗದವರು ಎಲ್ಲರೂ ಕೈಯಿಡುತ್ತಾರೆ. ದೊಡ್ಡವರ ಎಷ್ಟೋ ಕಾದಂಬರಿಗಳ ಮುಖಪುಟ ಫೋಟೊ ಅಥವಾ ಬರೀ ಅಕ್ಷರವಿನ್ಯಾಸದಲ್ಲೇ ಮುಗಿಯುತ್ತದೆ ಎಂಬುದೂ ಗೊತ್ತಿರಲಿ. ಕಾಮಿಕ್ಸ್ ಬೇರೆಯೇ ಲೋಕ: ನೂರಾರು ಪುಟ, ಪುಟಕ್ಕೆ ಐದಾರು ಚೌಕಟ್ಟು. ವರ್ಷಗಟ್ಟಲೆ ಒಂದೇ ಕಥೆಯೊಳಗೆ ಕೂರುವ ಛಲವಿಲ್ಲದವರು ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

— ಮುಖಪುಟ ವಿನ್ಯಾಸಕ

*

ನಾನು ಬರೆಯುವವಳು, ಚಿತ್ರ ಬಾರದು. ಆದರೂ ಹೊಸ ಕಲಾವಿದರಲ್ಲಿ ಒಂದು ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಕಾಣುತ್ತೇನೆ. ಯಾರಾದರೂ ಲೇಖಕರು ಸಿಕ್ಕರೆ ಜೊತೆಯಾಗಿ ಪುಸ್ತಕ ಮಾಡಿ ಕಳಿಸಬಹುದು ಅಂತ ಕಾಯುತ್ತಿರುತ್ತಾರೆ. ಚಿತ್ರಪುಸ್ತಕದ ಹಸ್ತಪ್ರತಿಗೆ ಕಲಾವಿದರನ್ನು ಹುಡುಕುವುದು ಸಾಮಾನ್ಯವಾಗಿ ಪ್ರಕಾಶಕರೇ. ಲೇಖಕರೂ ಕಲಾವಿದರೂ ಪುಸ್ತಕ ಅಚ್ಚಾಗುವವರೆಗೆ ಪರಸ್ಪರ ಮಾತಾಡದೇ ಇರುವುದೂ ಉಂಟು. ಹಾಗಾಗಿ ಲೇಖಕರಿಗಾಗಿ ಕಾಯಬೇಡಿ.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರು ನೇರವಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಪುಸ್ತಕ ಮಾರಾಟವಾದ ಮೇಲೆ ಕೊಡುತ್ತೇನೆ ಅಂದವರಿಗೆ ಕೈಮುಗಿದು ಕಳಿಸಿಬಿಡಿ. ಕರಡು ಚಿತ್ರಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು, ಕಡತ ಕೈಗೊಪ್ಪಿಸುವಾಗ ಉಳಿದದ್ದು ಅಂತ ಹಂತಹಂತವಾಗಿ ಹಣ ಪಡೆಯಿರಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನೂ ಮೊದಲೇ ಬರೆದಿಡಿ.

ಪ್ರಕಾಶಕರ ಕರಾರಿನಲ್ಲಿ ಮುಂಗಡ ಎಂದಿದ್ದರೆ ಅದು ರಾಯಲ್ಟಿಯದೇ ಮೊದಲ ಕಂತು. ಮಾರಾಟದಿಂದ ನಿಮ್ಮ ಪಾಲಿಗೆ ಬರುವ ರಾಯಲ್ಟಿ ಆ ಮೊತ್ತವನ್ನು ದಾಟುವವರೆಗೆ ಬಿಡಿಗಾಸೂ ಬರುವುದಿಲ್ಲ. ರಾಯಲ್ಟಿಯನ್ನು ಲೇಖಕರೂ ಕಲಾವಿದರೂ ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಅನುವಾದ, ಇ-ಪುಸ್ತಕ, ಆಟಿಕೆ, ಕ್ಯಾಲೆಂಡರ್ ಇವುಗಳ ಹಕ್ಕು ಯಾರದು? ಮೂಲ ಚಿತ್ರ ವಾಪಸ್ ಬರುತ್ತದೆಯೇ? ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅಂಥವರ ಸಹವಾಸ ಬೇಡ.

— ಮಕ್ಕಳ ಲೇಖಕಿ

*

ನಾನೂ ನಿಮ್ಮ ಹಾಗೆ ಹೊಸಬನೇ. ಇಟಲಿಯ ಬೊಲೊನ್ಯಾದಲ್ಲಿ 1964ರಿಂದ ಮಕ್ಕಳ ಪುಸ್ತಕ ಮೇಳ ನಡೆಯುತ್ತಿದೆ. 1967ರಿಂದ ಅಲ್ಲೇ ಕಲಾವಿದರ ಪ್ರದರ್ಶನವೂ ಇದೆ, ಒಂದೂ ಪುಸ್ತಕ ಪ್ರಕಟವಾಗದವರೂ ಅರ್ಜಿ ಹಾಕಬಹುದು. ಕಳಿಸಬೇಕಾದ್ದು ಐದೇ ಚಿತ್ರ. ಆಯ್ಕೆಯಾಗುವುದು ಬಿಡಿ, ರಾಶಿಯಿಂದ ಐದನ್ನು ಹೆಕ್ಕಲು ಕೂತಾಗಲೇ ಕೈ ಯಾವ ಕಡೆ ವಾಲುತ್ತದೆಂದು ನನಗೆ ಸ್ಪಷ್ಟವಾಯಿತು. ಪ್ರಾಣಿಗಳು ಉಳಿದವು, ಕಟ್ಟಡಗಳೆಲ್ಲ ಹೊರಗೆ.

— ಚಿತ್ರಕಲಾ ವಿದ್ಯಾರ್ಥಿ

*

ಗ್ರಂಥಾಲಯಕ್ಕೆ ಹೋಗಿ ನಿಮ್ಮ ಚಿತ್ರಗಳ ಪಕ್ಕದಲ್ಲಿಟ್ಟರೆ ಸೋದರಸಂಬಂಧಿಗಳಂತೆ ಕಾಣುವ ಪುಸ್ತಕಗಳನ್ನು ಹುಡುಕಿ. ಹೊಸ ಪುಸ್ತಕಗಳೇ ಇರಲಿ. ಅಭಿರುಚಿ ಬದಲಾಗುತ್ತದೆ, ಕಲಾ ಸಂಪಾದಕರೂ ಬದಲಾಗುತ್ತಾರೆ. ಹಕ್ಕುಸ್ವಾಮ್ಯದ ಪುಟದಲ್ಲಿ ಪ್ರಕಾಶಕರ ಹೆಸರಿರುತ್ತದೆ, ಕೆಲವರು ವಿನ್ಯಾಸ ಯಾರದ್ದೆಂದೂ ಹಾಕಿರುತ್ತಾರೆ. ಆ ಪುಸ್ತಕಗಳೆಲ್ಲ ಯಾವ ಕಪಾಟಿನಿಂದ ಬಂದವು ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಎರಡು ಕಪಾಟು ಬಂದರೆ ಎರಡನ್ನೂ ಇಟ್ಟುಕೊಳ್ಳಿ, ಮಾದರಿಗಳ ಕಡತ ಮಾತ್ರ ಬೇರೆ ಬೇರೆ ಇರಲಿ. ಹತ್ತು ಹನ್ನೆರಡು ಚಿತ್ರ ಸಾಕು. ಪ್ರಕಾಶಕರ ಜಾಲತಾಣದಲ್ಲಿ ಕಳಿಸುವ ವಿಧಾನ ಕೊಟ್ಟಿದ್ದರೆ ಅದರಂತೆಯೇ ಕಳಿಸಿ. ಭಾರೀ ಗಾತ್ರದ ಕಡತವನ್ನು ಇಮೇಲ್‌ಗೆ ಲಗತ್ತಿಸಬೇಡಿ.

— ಗ್ರಂಥಪಾಲಕಿ