ಮಾಕಳಿ ಬೇರನ್ನು ಹೊಲದಲ್ಲಿ ಬೆಳೆಯಬಹುದೇ?

ಪ್ರಶ್ನೆ (ಮಳವಳ್ಳಿ): ಉಪ್ಪಿನಕಾಯಿಗೆಂದು ಕಾಡಿನಿಂದ ಅಗೆದು ತರುವ ಮಾಕಳಿ ಬೇರು ಅಪರೂಪವಾಗುತ್ತಿರುವುದರಿಂದ, ನಮ್ಮ ಅರ್ಧ ಎಕರೆ ಕೆಂಪು ಮಣ್ಣಿನಲ್ಲಿ ಅದನ್ನು ಬೆಳೆಯಬೇಕೆಂದಿದ್ದೇನೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು): ಖಂಡಿತ ಬೆಳೆಯಿರಿ. ದಕ್ಷಿಣ ಭಾರತದಲ್ಲಷ್ಟೇ ಸಹಜವಾಗಿರುವ ಈ ಬಳ್ಳಿಯನ್ನು ಬೇರಿಗಾಗಿ ಬುಡಸಮೇತ ಕೀಳುವುದರಿಂದ, ಬೀಜ ಕಟ್ಟುವ ಮೊದಲೇ ಅದು ಕಾಡಿನಿಂದ ಮರೆಯಾಗುತ್ತಿದೆ. ನಮ್ಮ ಸಿಎಫ್‌ಟಿಆರ್‌ಐಯಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದರ ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಸಸಿ ಬೆಳೆಸುವ ವಿಧಾನದ, ಸಂಶೋಧನೆಯೂ ನಡೆದಿದೆ. ನನ್ನ ಹಿತ್ತಲಿನ ಬಳ್ಳಿಯ ಬೇರನ್ನು ಉಗುರಿನಿಂದ ತುಸು ಕೆರೆದರೂ ಸಾಕು, ವೆನಿಲಾದಂಥ ಪರಿಮಳ ಸಂಜೆಯವರೆಗೂ ಬೆರಳಿನಲ್ಲಿ ಉಳಿಯುತ್ತದೆ. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು.

ಉತ್ತರ (ನಂಜನಗೂಡು): ಬೇರು ದಪ್ಪವಾಗಲು ಕೆಲವು ವರ್ಷ ಬೇಕಾದ್ದರಿಂದ, ಪೂರ್ತಿ ಹೊಲವನ್ನು ಇದಕ್ಕೇ ಬಿಡದೆ ಬದುವಿನ ಬೇಲಿಗೆ ಹಬ್ಬಿಸಿ. ಸಸಿಗಳನ್ನು ನರ್ಸರಿಯಿಂದಲೇ ತನ್ನಿ. ಕಾಡಿನಿಂದ ಕಿತ್ತು ತಂದರೆ ಉದ್ದೇಶವೇ ಕೆಡುತ್ತದೆ.

ಮಳವಳ್ಳಿ: ಧನ್ಯವಾದಗಳು. ಈ ಮುಂಗಾರಿಗೆ ಬದುವಿನಲ್ಲಿ 20 ಸಸಿ ನೆಡುತ್ತೇನೆ.