ಮಗುವಿಗಾಗಿ ಪ್ರಯತ್ನಿಸುತ್ತಿರುವಾಗ ಗಂಡಸರು ಪೂರಕ ಮಾತ್ರೆ ನುಂಗುವುದರಿಂದ ಪ್ರಯೋಜನವಿದೆಯೇ?

ಪ್ರಶ್ನೆ: ಶಿರಸಿ ಸೀಮೆಯ ತೋಟಿಗ

ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ನನಗೆ 34 ವರ್ಷ, ಪತ್ನಿಗೆ 31. ಮಗುವಿಗಾಗಿ ಕಾಯುತ್ತ ಒಂದು ವರ್ಷ ದಾಟಿದ ಮೇಲೆ ಇಬ್ಬರೂ ವೈದ್ಯರನ್ನು ಕಂಡೆವು. ಪತ್ನಿಯ ತಪಾಸಣೆಯಲ್ಲಿ ದೋಷವೇನೂ ಕಾಣಲಿಲ್ಲ. ನನ್ನ ವೀರ್ಯ ಪರೀಕ್ಷೆಯ ವರದಿಯಲ್ಲಿ ಮಾತ್ರ ವೀರ್ಯಾಣುಗಳು ಮಿಲಿಲೀಟರಿಗೆ 11 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ 24, ಸಹಜ ಆಕಾರದವು ಶೇ 3 ಎಂದು ಬಂದಿದೆ. ಪರೀಕ್ಷೆಗೆ ಒಂದೂವರೆ ತಿಂಗಳ ಹಿಂದೆ, ಮಳೆಗಾಲದಲ್ಲಿ, ಒಂದು ವಾರ ವಿಪರೀತ ಜ್ವರ ಬಂದಿತ್ತು. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ತಿಂಗಳು ನುಂಗಿ ಬನ್ನಿ ಎಂದು ಒಂದು ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಅದರಲ್ಲಿ ಎಲ್-ಕಾರ್ನಿಟಿನ್, ಕೋಎನ್‌ಜೈಮ್ ಕ್ಯೂ10, ಲೈಕೋಪೀನ್, ಸತು, ಸೆಲೆನಿಯಮ್, ಫೋಲಿಕ್ ಆಮ್ಲ, ಇ ವಿಟಮಿನ್ ಇವೆ. ತಿಂಗಳ ಖರ್ಚು ಸಾವಿರ ರೂಪಾಯಿ ಮೀರುತ್ತದೆ. ಇದರ ಜೊತೆಗೆ ಅಶ್ವಗಂಧ ಲೇಹ್ಯವನ್ನೂ ತೆಗೆದುಕೊಳ್ಳಬೇಕೆಂದು ಸೋದರಮಾವ ಒತ್ತಾಯಿಸುತ್ತಿದ್ದಾರೆ. ನಮ್ಮದು ಶುದ್ಧ ಸಸ್ಯಾಹಾರ. ತಂಬಾಕು ಸೇರಿಸಿದ ಕವಳದ (ಎಲೆಯಡಿಕೆಯ) ಅಭ್ಯಾಸ ನನಗಿದೆ, ಸಿಗರೇಟು ಮತ್ತು ಮದ್ಯ ಇಲ್ಲ. ಖರ್ಚಿಗೆ ಹೆದರಿ ಕೇಳುತ್ತಿಲ್ಲ. ಮೂರು ತಿಂಗಳು ಸುಮ್ಮನೆ ಕಳೆದುಹೋದೀತೆಂಬ ಭಯ ಪತ್ನಿಗಿದೆ, ಮತ್ತು ಅವಳ ಭಯ ನ್ಯಾಯವೆಂದು ನನಗೂ ಅನಿಸುತ್ತದೆ. ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ: ಕುಮಟಾದ ವೈದ್ಯ

ತಾವು ಬರೆದ ಜ್ವರದ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ವರದಿಯನ್ನು ಓದುವ ಕ್ರಮವೇ ಅದರಿಂದ ಬದಲಾಗುತ್ತದೆ. ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಅನಂತರ ಅದು ನಾಳದಲ್ಲಿ ಸಾಗಿ ಪಕ್ವವಾಗಿ ಹೊರಬರಲು ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ವೃಷಣಗಳು ದೇಹದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ಈ ಕೆಲಸ ಸರಿಯಾಗಿ ನಡೆಯುವುದರಿಂದ, ಡೆಂಗಿಯಾಗಲಿ, ಇಲಿಜ್ವರವಾಗಲಿ, ಸಿದ್ದಾಪುರದ ಕಡೆಯ ಮಂಗನ ಕಾಯಿಲೆಯಾಗಲಿ, ದಿನಗಟ್ಟಲೆ ಸುಡುವ ಯಾವ ಜ್ವರವೂ ಮುಂದಿನ ಎರಡು ಮೂರು ತಿಂಗಳ ವೀರ್ಯದಲ್ಲಿ ತನ್ನ ಗುರುತನ್ನು ಬಿಡಬಲ್ಲದು. ಒಂದೂವರೆ ತಿಂಗಳ ಹಿಂದೆ ಜ್ವರ ಬಂದಿದ್ದಾಗ ಮಾಡಿದ ಒಂದೇ ಪರೀಕ್ಷೆಯನ್ನು ಆಧರಿಸಿ ತಮ್ಮಲ್ಲಿ ದೋಷವಿದೆಯೆಂದು ತೀರ್ಮಾನಿಸಲಾಗದು. ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಆರೋಗ್ಯವಂತ ಗಂಡಸಿನಲ್ಲಿಯೂ ಒಂದು ಮಾದರಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಬರುತ್ತದೆ.

ವರದಿಯ ಬದಿಯಲ್ಲಿ ಮುದ್ರಿಸಿರುವ ಮಿತಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 16 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ 30, ಸಹಜ ಆಕಾರ ಶೇ 4. ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ಅತ್ಯಂತ ಕೆಳಗಿನ ಶೇ 5 ಮಂದಿ ಎಲ್ಲಿದ್ದರೋ ಅಲ್ಲಿ ಎಳೆದ ಗೆರೆ ಇದು. ಗೆರೆಯ ಕೆಳಗಿದ್ದೂ ತಂದೆಯಾದವರು ಆ ಲೆಕ್ಕದೊಳಗೇ ಇದ್ದಾರೆ. ತಮ್ಮ ಸಂಖ್ಯೆಗಳು ಕಡಿಮೆ ನಿಜ, ಆದರೆ ಬಾಗಿಲು ಮುಚ್ಚಿದೆ ಎಂಬ ಅರ್ಥ ಅವುಗಳಿಗಿಲ್ಲ.

ಈಗ ಕ್ಯಾಪ್ಸೂಲಿನ ವಿಷಯ. ವೀರ್ಯಾಣುಗಳಿಗೆ ಉತ್ಕರ್ಷಣದಿಂದ, ಅಂದರೆ ಆಮ್ಲಜನಕದ ಅತಿ ಚುರುಕಾದ ಕಣಗಳಿಂದ, ಹಾನಿಯಾಗುತ್ತದೆ, ತಮ್ಮ ಕ್ಯಾಪ್ಸೂಲಿನಲ್ಲಿರುವಂಥ ಆಂಟಿಆಕ್ಸಿಡೆಂಟ್‌ಗಳು ಅದನ್ನು ತಡೆದಾವು ಎಂಬ ತರ್ಕದಲ್ಲಿ ತಪ್ಪಿಲ್ಲ, ಸಣ್ಣ ಅಧ್ಯಯನಗಳಲ್ಲಿ ಚಲನೆ ಸ್ವಲ್ಪ ಸುಧಾರಿಸಿದ್ದೂ ಉಂಟು. ಆದರೆ ಗಟ್ಟಿಯಾದ ಪರೀಕ್ಷೆಗಳು ನಡೆದಾಗ ಫಲಿತಾಂಶ ನಿರಾಶೆ ತಂದಿತು. ಅಮೆರಿಕದಲ್ಲಿ ಬಂಜೆತನದ ಚಿಕಿತ್ಸೆ ಬಯಸಿದ್ದ 2,370 ದಂಪತಿಗಳ ಪೈಕಿ ಅರ್ಧದಷ್ಟು ಗಂಡಸರಿಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ ಮತ್ತು 30 ಮಿಲಿಗ್ರಾಂ ಸತುವನ್ನು ಆರು ತಿಂಗಳು ಕೊಟ್ಟು, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮಗುವಾದವರು ಒಂದು ಕಡೆ ಶೇ 34, ಇನ್ನೊಂದು ಕಡೆ ಶೇ 35. ವೀರ್ಯಾಣುಗಳ ಸಂಖ್ಯೆಯಾಗಲಿ ಚಲನೆಯಾಗಲಿ ಸುಧಾರಿಸಲಿಲ್ಲ. ವೀರ್ಯಾಣುವಿನ ಡಿಎನ್‌ಎ ತುಂಡಾಗುವ ಪ್ರಮಾಣ ನಿಜವಾದ ಮಾತ್ರೆ ನುಂಗಿದವರಲ್ಲಿಯೇ ಸ್ವಲ್ಪ ಹೆಚ್ಚಿತ್ತು, ಹೊಟ್ಟೆಯ ತೊಂದರೆಯೂ ಅವರಲ್ಲಿಯೇ ಹೆಚ್ಚು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಸಿ ಮತ್ತು ಇ ವಿಟಮಿನ್, ಸೆಲೆನಿಯಮ್, ಕಾರ್ನಿಟಿನ್, ಸತು, ಫೋಲಿಕ್ ಆಮ್ಲ, ಲೈಕೋಪೀನ್ ಎಲ್ಲವನ್ನೂ ಸೇರಿಸಿದ, ಹೆಚ್ಚುಕಡಿಮೆ ತಮ್ಮ ಕ್ಯಾಪ್ಸೂಲಿನಂಥದೇ ಮಿಶ್ರಣವನ್ನು, ವೀರ್ಯದಲ್ಲಿ ದೋಷವಿದ್ದ 171 ಗಂಡಸರಲ್ಲಿ ಪರೀಕ್ಷಿಸಿದ್ದರು. ಅಲ್ಲಿಯೂ ಲಾಭ ಕಾಣಲಿಲ್ಲ.

ಹಾಗೆಂದು ಬರೆದುಕೊಟ್ಟ ವೈದ್ಯರು ಅನ್ಯಾಯ ಮಾಡಿದರೆಂದು ನಾನು ಹೇಳುವುದಿಲ್ಲ. ಇಡೀ ದೇಶದಲ್ಲಿ ಬಳಕೆಯಲ್ಲಿರುವ ಕ್ರಮವಿದು, ಬರೆದ ಪ್ರಮಾಣದಲ್ಲಿ ಅಪಾಯವೂ ಕಡಿಮೆ. ನನ್ನ ಆಕ್ಷೇಪ ಬೇರೆ. ಕ್ಯಾಪ್ಸೂಲ್ ನುಂಗುವ ಮೂರು ತಿಂಗಳಲ್ಲಿ ಕಾರಣ ಹುಡುಕುವ ಕೆಲಸ ನಿಂತುಹೋಗಬಾರದು. ತಮ್ಮನ್ನು ನಿಲ್ಲಿಸಿ, ವೃಷಣಗಳನ್ನು ಯಾರಾದರೂ ಕೈಯಿಂದ ಮುಟ್ಟಿ ನೋಡಿದ್ದಾರೆಯೇ? ವೃಷಣದ ಮೇಲಿನ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ತೊಂದರೆ ಸಾಮಾನ್ಯ ಗಂಡಸರಲ್ಲಿ ಸುಮಾರು ಶೇ 15 ಮಂದಿಗೆ ಇದ್ದರೆ, ಮಕ್ಕಳಾಗದೆ ಬರುವ ಗಂಡಸರಲ್ಲಿ ಸುಮಾರು ಶೇ 40 ಮಂದಿಗೆ ಇರುತ್ತದೆ. ಕೈಗೆ ಸಿಗುವಷ್ಟು ದೊಡ್ಡದಿದ್ದು ವೀರ್ಯವೂ ದುರ್ಬಲವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸುಧಾರಣೆ ಸಾಧ್ಯ. ಯಾವ ಕ್ಯಾಪ್ಸೂಲೂ ಅದನ್ನು ಕರಗಿಸದು. ಯುರಾಲಜಿಸ್ಟ್ (ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞ) ಒಬ್ಬರನ್ನು ಕಾಣಿರಿ. ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಹೋಗಬೇಕಾದ ಕಷ್ಟ ನನಗೆ ಗೊತ್ತು, ಆದರೂ ಆ ಒಂದು ಪ್ರಯಾಣ ಮೂರು ಡಬ್ಬಿ ಕ್ಯಾಪ್ಸೂಲಿಗಿಂತ ಹೆಚ್ಚಿನ ಉತ್ತರ ಕೊಡುತ್ತದೆ.

ಕವಳದ ತಂಬಾಕನ್ನು ಇಂದೇ ಬಿಡಿ. ಸೇದಿದರೆ ಮಾತ್ರ ಕೆಡುಕು, ಜಗಿದರೆ ಇಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ತಂಬಾಕು ಜಗಿಯುವವರಲ್ಲಿಯೂ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರೂ ಕುಂದುವುದು ನಮ್ಮ ದೇಶದ ಗಂಡಸರಲ್ಲಿಯೇ ಕಂಡುಬಂದಿದೆ.

ಉತ್ತರ: ಕಾರವಾರದ ಔಷಧ ಅಂಗಡಿಯವರು

ವೈದ್ಯರು ಹೇಳಿದ್ದಕ್ಕೆ ಅಂಗಡಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಈ ಬಗೆಯ ಡಬ್ಬಿಗಳಲ್ಲಿ ಹೆಚ್ಚಿನವು ಔಷಧವಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಡಿ ಬರುವ ಆಹಾರ ಪೂರಕಗಳು. ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸಾಲು ಲೇಬಲ್ಲಿನಲ್ಲಿಯೇ ಇರುತ್ತದೆ, ಗಿರಾಕಿಗಳು ಅದನ್ನು ಓದುವುದಿಲ್ಲ. ಔಷಧಕ್ಕೆ ಬೇಕಾಗುವಷ್ಟು ಪುರಾವೆಯನ್ನು ಇವುಗಳಿಗೆ ಯಾರೂ ಕೇಳುವುದಿಲ್ಲ.

ನನಗೆ ನಿಜವಾದ ಆತಂಕವಿರುವುದು ಎರಡು ಕಡೆ. ಮೊದಲನೆಯದು, ಒಬ್ಬರು ಬರೆದ ಕ್ಯಾಪ್ಸೂಲಿನ ಜೊತೆಗೆ ಇನ್ನೊಬ್ಬರು ಹೇಳಿದ ಮಲ್ಟಿವಿಟಮಿನ್, ಮೇಲೆ ಮತ್ತೊಂದು ಸತುವಿನ ಮಾತ್ರೆ ಹೀಗೆ ಕೂಡಿಸುತ್ತ ಹೋಗುವುದು. ವಯಸ್ಕ ಗಂಡಸಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಸತುವಿನ ಪ್ರಮಾಣ ದಿನಕ್ಕೆ 17 ಮಿಲಿಗ್ರಾಂ. 40 ಮೀರಿ ಬಹುಕಾಲ ತೆಗೆದುಕೊಂಡರೆ ದೇಹದಲ್ಲಿ ತಾಮ್ರದ ಕೊರತೆಯಾಗಿ ರಕ್ತಹೀನತೆ, ನರಗಳ ತೊಂದರೆ ಬರಬಲ್ಲವು. ಸೆಲೆನಿಯಮ್ ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಒಡೆಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚಿನ ಪ್ರಮಾಣದ ಇ ವಿಟಮಿನ್ನಿನಿಂದ ದೂರವಿರಬೇಕು. ಅಶ್ವಗಂಧದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಕೆಲವು ಸಣ್ಣ ಅಧ್ಯಯನಗಳು ಒಳ್ಳೆಯದನ್ನೇ ಹೇಳಿವೆ, ಆದರೆ ಅದರಿಂದ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆಯಾದ ಪ್ರಕರಣಗಳೂ ವರದಿಯಾಗಿವೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಹಾರ್ಮೋನು ಏರುಪೇರಾಗಬಹುದು. ಸೋದರಮಾವನವರ ಪ್ರೀತಿಗೆ ಗೌರವವಿಟ್ಟೇ, ವೈದ್ಯರಿಗೆ ತಿಳಿಸದೆ ಲೇಹ್ಯ ಆರಂಭಿಸಬೇಡಿ ಎನ್ನುತ್ತೇನೆ.

ಎರಡನೆಯದು ಇದಕ್ಕಿಂತ ಗಂಭೀರ. ಜಿಮ್ಮಿಗೆ ಹೋಗುವ ಹುಡುಗರು, ಗಂಡಸುತನ ಹೆಚ್ಚಲಿ ಎಂದು ಬಯಸುವ ಹಿರಿಯರು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಕೇಳಿಕೊಂಡು ಬರುತ್ತಾರೆ. ಹೊರಗಿನಿಂದ ಆ ಹಾರ್ಮೋನು ಬಂದಾಗ, ಸಾಕಷ್ಟಿದೆ ಎಂದು ತಿಳಿದು ಮೆದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಮೊದಲಿನಂತಾಗಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಪ್ರಶ್ನೆ ಕೇಳಿದವರಿಗೆ ಇದು ಸಂಬಂಧಿಸದಿದ್ದರೂ ಇಲ್ಲಿ ಓದುವ ಯಾರಿಗಾದರೂ ಸಂಬಂಧಿಸಬಹುದೆಂದು ಬರೆದಿದ್ದೇನೆ.

ಉತ್ತರ: ಅಂಕೋಲಾದ ಪ್ರಯೋಗಾಲಯದ ಉದ್ಯೋಗಿ

ಮತ್ತೊಮ್ಮೆ ಪರೀಕ್ಷೆಗೆ ಹೋಗುವಾಗ ಎರಡು ದಿನಕ್ಕಿಂತ ಕಡಿಮೆಯಿಲ್ಲದ, ಏಳು ದಿನಕ್ಕಿಂತ ಹೆಚ್ಚಿಲ್ಲದ, ವೀರ್ಯ ಹೊರಹೋಗದ ಸಂಯಮದ ಅಂತರವಿರಲಿ, ಮತ್ತು ಹಿಂದಿನ ಸಲ ಎಷ್ಟು ದಿನವಿತ್ತೋ ಅಷ್ಟೇ ಇದ್ದರೆ ಹೋಲಿಕೆ ಸರಿಯಾಗುತ್ತದೆ. ಮಾದರಿಯನ್ನು ಪ್ರಯೋಗಾಲಯದಲ್ಲಿಯೇ ಕೊಡಿ. ಮನೆಯಲ್ಲಿ ಸಂಗ್ರಹಿಸಿ ದೇವಿಮನೆ ಘಟ್ಟ ಇಳಿಸಿ ತಂದುಕೊಡುವವರಿದ್ದಾರೆ. ಒಂದು ಗಂಟೆ ಮೀರಿದರೆ, ದಾರಿಯಲ್ಲಿ ತಣ್ಣಗಾದರೆ, ಚಲನೆ ಕುಂದಿ ಇಲ್ಲದ ದೋಷ ವರದಿಯಲ್ಲಿ ಕಾಣುತ್ತದೆ. ಮೊದಲು ಬರುವ ಭಾಗದಲ್ಲಿಯೇ ವೀರ್ಯಾಣುಗಳು ಹೆಚ್ಚಿರುವುದರಿಂದ ಅದು ಚೆಲ್ಲಿಹೋಗಿದ್ದರೆ ಸಂಕೋಚವಿಲ್ಲದೆ ತಿಳಿಸಿ, ಇನ್ನೊಂದು ದಿನ ಕೊಡಬಹುದು.

ಉತ್ತರ: ಹೊನ್ನಾವರದ ಗೃಹಿಣಿ

ನಾನು ತಮ್ಮ ಪತ್ನಿಯ ಕಡೆಯಿಂದ ಬರೆಯುತ್ತೇನೆ. ನಮ್ಮ ಮನೆಯಲ್ಲಿಯೂ ಇದೇ ಆಯಿತು. ಯಜಮಾನರು ಡಬ್ಬಿಯ ಮೇಲೆ ಡಬ್ಬಿ ಬದಲಿಸುತ್ತ ಹೋದರು, ಪ್ರತಿ ಬಾರಿಯೂ ಇದೊಂದು ಮುಗಿಯಲಿ ಎನ್ನುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ಹೆಂಗಸಿನ ಕಾಲ ಬೇಗ ಸರಿಯುತ್ತದೆ ಎಂಬುದನ್ನು ಯಾರೂ ನಮ್ಮೊಡನೆ ಕುಳಿತು ಮಾತನಾಡಲಿಲ್ಲ. ಹೆಂಡತಿಗೆ 35 ದಾಟಿದ್ದರೆ ಒಂದು ವರ್ಷದ ಬದಲು ಆರು ತಿಂಗಳಿಗೇ ತಪಾಸಣೆಗೆ ಹೋಗಬೇಕೆಂಬುದು ಕೂಡ ನಮಗೆ ತಡವಾಗಿ ತಿಳಿಯಿತು. ತಮಗೆ ಇನ್ನೂ ಸಮಯವಿದೆ, ಅದನ್ನು ಲೆಕ್ಕವಿಟ್ಟು ಬಳಸಿ.

ಇನ್ನೊಂದು ವಿಷಯ. ಮನೆಯಲ್ಲಿ ಫೋಲಿಕ್ ಆಮ್ಲ ಯಾರಿಗಾದರೂ ಖಂಡಿತ ಬೇಕಿದ್ದರೆ ಅದು ತಮ್ಮ ಪತ್ನಿಗೆ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳು ಕಡಿಮೆಯಾಗುತ್ತವೆ ಎಂಬುದು ಅನುಮಾನವಿಲ್ಲದ ಸಂಗತಿ. ನಾನು ಮಾತನಾಡಿಸಿದ ಹಲವು ಮನೆಗಳಲ್ಲಿ ಗಂಡನಿಗೆ ದುಬಾರಿ ಕ್ಯಾಪ್ಸೂಲ್ ಇತ್ತು, ಹೆಂಡತಿಗೆ ಆ ಅಗ್ಗದ ಮಾತ್ರೆ ಇರಲಿಲ್ಲ.

ಕರಾವಳಿಯವರು ಸತು ಬೇಕೆಂದರೆ ಅಘನಾಶಿನಿ ನದಿಯ ಚಿಪ್ಪುಮೀನು, ಮೀನಿನೆಣ್ಣೆ ಬೇಕೆಂದರೆ ಬಂಗಡೆ, ತಾರ್ಲೆ ಎಂದು ಹೇಳಿಬಿಡುತ್ತಾರೆ. ಸಸ್ಯಾಹಾರಿಗಳಾದ ತಮಗೆ ಅಕ್ರೋಟು, ಬಾದಾಮಿ, ಶೇಂಗಾ, ಎಳ್ಳು, ಮೊಳಕೆ ಕಾಳು, ಸೊಪ್ಪಿನ ತಂಬುಳಿ ಇವೆಲ್ಲ ಸಲ್ಲುತ್ತವೆ. ದಿನಕ್ಕೆ 75 ಗ್ರಾಂ ಅಕ್ರೋಟನ್ನು 12 ವಾರ ತಿಂದ ಯುವಕರಲ್ಲಿ ವೀರ್ಯಾಣುಗಳ ಚಲನೆ ಸುಧಾರಿಸಿದ ಅಧ್ಯಯನವೊಂದು 2012ರಲ್ಲಿ ಬಂದಿತ್ತು. ಅವರು ಆರೋಗ್ಯವಂತರಾಗಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಮರುಪ್ರಶ್ನೆ: ಶಿರಸಿ ಸೀಮೆಯ ತೋಟಿಗ

ಎಲ್ಲರಿಗೂ ಕೃತಜ್ಞತೆಗಳು. ಪತ್ನಿಯೂ ಓದಿದಳು, ಫೋಲಿಕ್ ಆಮ್ಲದ ಬಗ್ಗೆ ಅವಳಿಗೂ ಯಾರೂ ಹೇಳಿರಲಿಲ್ಲ. ಉಳಿದಿರುವ ಸಂಶಯ ಎರಡು. ಸಸ್ಯಾಹಾರದಿಂದ ಬಿ12 ಕೊರತೆಯಾಗಿದ್ದರೆ ಅದಕ್ಕೂ ಮಾತ್ರೆ ಬೇಡವೇ? ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಗಂಟೆಗಟ್ಟಲೆ ಇರುತ್ತೇನೆ, ಮಳೆಗಾಲದಲ್ಲಿ ತೋಟಕ್ಕೆ ಔಷಧ ಹೊಡೆಸುವಾಗ ಜೊತೆಗಿರುತ್ತೇನೆ. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಕುಮಟಾದ ವೈದ್ಯ

ಕೊರತೆಯಿದ್ದರೆ ತುಂಬಬೇಕು, ಆಗ ಅದು ಚಿಕಿತ್ಸೆ, ಕೊರತೆಯಿಲ್ಲದವರು ನುಂಗುವ ಪೂರಕಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಬಿ12 ಮತ್ತು ಡಿ ವಿಟಮಿನ್‌ಗಳನ್ನು ರಕ್ತದಲ್ಲಿ ಅಳೆಯಿಸಿ, ಕಡಿಮೆಯಿದ್ದರೆ ತಮ್ಮ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಮಕ್ಕಳಾಗುವ ಪ್ರಶ್ನೆ ಇಲ್ಲದಿದ್ದರೂ ನರಗಳ ಮತ್ತು ರಕ್ತದ ಆರೋಗ್ಯಕ್ಕಾಗಿ ಅದನ್ನು ಮಾಡಲೇಬೇಕು.

ಒಲೆಯ ಮುಂದಿನ ಬಿಸಿಯ ವಿಷಯದಲ್ಲಿ, ಸೊಂಟದ ಕೆಳಗಿನ ಭಾಗ ಗಂಟೆಗಟ್ಟಲೆ ಕಾಯುವುದು ಒಳ್ಳೆಯದಲ್ಲ. ಈ ಸಲದ ಕೊಯ್ಲಿನಲ್ಲಿ ಬೇಯಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿ, ತಾವು ಸುಲಿಸುವ, ಒಣಗಿಸುವ ಕಡೆ ನಿಲ್ಲಬಹುದು. ಹಂಡೆಯ ಬಿಸಿನೀರನ್ನು ಮೈಮೇಲೆ ಸುರಿದುಕೊಳ್ಳುವುದರಿಂದ ತೊಂದರೆಯಿಲ್ಲ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಕೂರುವುದು ಬೇಡ. ಬಿಗಿಯಾದ ಒಳಉಡುಪಿಗಿಂತ ಸಡಿಲವಾದದ್ದು ಮೇಲು. ತೋಟಕ್ಕೆ ಕೀಟನಾಶಕ ಸಿಂಪಡಿಸುವಾಗ ಕೈಗವಸು, ಮುಖಕವಚ, ಪೂರ್ಣ ತೋಳಿನ ಅಂಗಿ ಇರಲಿ, ಮುಗಿದ ಕೂಡಲೇ ಸ್ನಾನ ಮಾಡಿ ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿಸಿ.

ಈಗಾಗಲೇ ಕೊಂಡ ಡಬ್ಬಿಯನ್ನು ಮುಗಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ಜೊತೆಗೆ ಇನ್ನೇನನ್ನೂ ಸೇರಿಸದಿದ್ದರೆ ಸಾಕು. ಯುರಾಲಜಿಸ್ಟರ ಭೇಟಿಯ ದಿನವನ್ನು ಮಾತ್ರ ಡಬ್ಬಿ ಮುಗಿಯುವ ತನಕ ಮುಂದೂಡಬೇಡಿ, ಈ ವಾರವೇ ಗೊತ್ತುಮಾಡಿಕೊಳ್ಳಿ. ಹೋಗುವಾಗ ಎರಡೂ ವರದಿ, ಜ್ವರ ಬಂದ ತಾರೀಖು, ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಗಳ ಚೀಟಿ, ಪ್ರಾಯಕ್ಕೆ ಬಂದ ಮೇಲೆ ಕೆಪ್ಪಟೆ ಬಾವು ಅಥವಾ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ವಿವರ ಜೊತೆಗಿರಲಿ. ಎರಡನೆಯ ವರದಿ ಬಂದ ಮೇಲೆ ಸಂಖ್ಯೆಗಳನ್ನು ಇಲ್ಲಿ ಬರೆದರೆ ಅದರ ಅರ್ಥವನ್ನು ವಿವರಿಸುತ್ತೇನೆ.