‘ಕವರ್’ ನುಡಿಸುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ತೀರ್ಥಹಳ್ಳಿ ಸಮೀಪದ ನಮ್ಮೂರಿನ ಕೆಲವು ಹುಡುಗರು ಶಿವಮೊಗ್ಗದಲ್ಲಿ ನಡೆಯಲಿರುವ ಕಾರ್ಯಕ್ರಮವೊಂದರಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ವಿಡಿಯೋ ಗೇಮಿನ ಸಂಗೀತವನ್ನು ಪಿಟೀಲು, ಕೀಬೋರ್ಡ್ ಮತ್ತು ತಬಲಾಗಳಲ್ಲಿ ನುಡಿಸಲಿದ್ದು, ಅದರ ಆಮಂತ್ರಣ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಟಿಪ್ಪಣಿಯಲ್ಲಿದ್ದ ‘ಲೈವ್ ಕವರ್’ (ಬೇರೆಯವರ ಸಂಗೀತವನ್ನು ತಾವು ವೇದಿಕೆಯಲ್ಲಿ ನುಡಿಸುವುದು) ಎಂಬುದನ್ನು ಹಾಗೆಯೇ ಬರೆದು ಮುದ್ರಣಾಲಯಕ್ಕೆ ಕೊಟ್ಟಾಗ, ಅಲ್ಲಿನವರು ಓದಿ, “ಕವರ್ ಎಷ್ಟು ಬೇಕು ಸಾರ್, ಕಾರ್ಡ್ ಇದ್ದಷ್ಟೇ ಸಾಕಾ?” ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಕವರ್ ಎಂದರೆ ಲಕೋಟೆ, ಇಲ್ಲವೇ ಅಂಗಡಿಯ ಪ್ಲಾಸ್ಟಿಕ್ ಚೀಲ. ‘ಲೈವ್’ ಎಂಬುದಕ್ಕೆ ‘ವೇದಿಕೆಯಲ್ಲಿ’ ಎಂದರೆ ಸಾಕು. ‘ನೇರ’ ಎಂದರೆ ಟಿವಿಯ ನೇರಪ್ರಸಾರ ನೆನಪಾಗುತ್ತದೆ.

‘ಕವರ್’ ಎಂಬುದಕ್ಕೆ ಮೊದಲು ತೋಚಿದ್ದು ‘ಮರುಪ್ರಸ್ತುತಿ’. ಆದರೆ ಮರುಮುದ್ರಣ, ಮರುಪ್ರಸಾರಗಳಲ್ಲಿ ಮೊದಲಿದ್ದದ್ದೇ ಮತ್ತೆ ಬರುತ್ತದೆ. ಕೋಜಿ ಕೊಂಡೊ ಅವರು 1985ರ ಈ ಆಟಕ್ಕೆ ರಚಿಸಿದ ಸಂಗೀತವಾದರೋ ಆಟದಲ್ಲಿ ವಾದಕರ ಕೈಯಿಂದ ಬಂದದ್ದೇ ಅಲ್ಲ. ನಿಂಟೆಂಡೊ ಯಂತ್ರದ ಚಿಪ್ ಅದನ್ನು ಆಯಾ ಕ್ಷಣದಲ್ಲೇ ಹುಟ್ಟಿಸುತ್ತಿತ್ತು. ಎರಡು ಚೌಕತರಂಗಗಳಲ್ಲಿ (ಚೌಕಾಕಾರದ ಧ್ವನಿ ಅಲೆಗಳಲ್ಲಿ) ಮೇಲಿನ ಸ್ವರಗಳು, ಒಂದು ತ್ರಿಕೋನತರಂಗದಲ್ಲಿ ಮಂದ್ರ, ಗರಗರ ಸದ್ದಿನಲ್ಲಿ ತಾಳ. ಅದಕ್ಕೆ ಮುಕ್ತಾಯವೂ ಇಲ್ಲ, ಸುತ್ತಿ ಸುತ್ತಿ ಬರುತ್ತದೆ. ಆಟದಲ್ಲಿ ಉಳಿದ ಸಮಯ ತೋರಿಸುವ ಗಡಿಯಾರದ ಎಣಿಕೆ 100ಕ್ಕೆ ಇಳಿದಾಗ ಲಯ ಓಡತೊಡಗುತ್ತದೆ. ಹುಡುಗರ ಅಭ್ಯಾಸ ಕೇಳಲು ಹೋಗಿದ್ದಾಗ, ತಬಲಾದವನು ಆ ಓಟವನ್ನು ದ್ರುತಕ್ಕೆ (ವೇಗದ ಲಯಕ್ಕೆ) ತಂದು, ಒಂದು ತಿಹಾಯಿ (ಮುಕ್ತಾಯಕ್ಕೆ ಮೂರು ಸಲ ನುಡಿಸುವ ಬೋಲ್) ಹಾಕಿ ನಿಲ್ಲಿಸಿದ. ಆ ಸಂಗೀತಕ್ಕೆ ಇಲ್ಲದಿದ್ದ ಕೊನೆಯನ್ನು ಅವನು ಕೊಟ್ಟಿದ್ದ. ಅದನ್ನು ಕೇಳಿದ ಮೇಲೆ ‘ಮರು’ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

‘ಅನುಕರಣೆ’ ಎಂದರೆ ಅವರ ಶ್ರಮಕ್ಕೆ ಅನ್ಯಾಯ. ಗಣೇಶೋತ್ಸವದ ‘ರಸಮಂಜರಿ’ ಎಂಬ ಒಳ್ಳೆಯ ಹೆಸರಿದೆ, ಆದರೆ ಅದು ಇಡೀ ಕಾರ್ಯಕ್ರಮದ ಹೆಸರೇ ಹೊರತು ಒಂದು ಕೃತಿಯದ್ದಲ್ಲ.

ನನಗೆ ಹತ್ತಿರವೆನಿಸಿದ್ದು ಯಕ್ಷಗಾನದ ‘ಮಟ್ಟು’, ಅಂದರೆ ಹಾಡುವ ಧಾಟಿ. ಭಾಗವತರು ಹೊಸ ಪ್ರಸಂಗದ ಪದ್ಯವನ್ನೂ ಹಳೆಯ ಮಟ್ಟಿನಲ್ಲಿ ಹಾಡುತ್ತಾರೆ; ಸಾಹಿತ್ಯ ಬದಲಾದರೂ ಮಟ್ಟು ಉಳಿಯುತ್ತದೆ. ಇಲ್ಲಿ ಸಾಹಿತ್ಯವೇ ಇಲ್ಲ, ಬದಲಾಗುವುದು ವಾದ್ಯ. ಹೀಗಿರುವಾಗ ‘ಮಾರಿಯೋ ಮಟ್ಟಿನ ನುಡಿಸಾಣಿಕೆ, ವೇದಿಕೆಯಲ್ಲಿ’ ಎಂದು ಬರೆದರೆ ಪದದ ಅರ್ಥವನ್ನು ಅತಿಯಾಗಿ ಹಿಗ್ಗಿಸಿದಂತಾಗುವುದೇ? ಯಕ್ಷಗಾನ ಬಲ್ಲವರು ದಯವಿಟ್ಟು ತಿಳಿಸಬೇಕು.

ಇನ್ನೊಂದು ಕೇಳಿಕೆಯಿದೆ. ನಮ್ಮ ಮದುವೆಗಳಲ್ಲಿ ವಾಲಗದವರು ಚಿತ್ರಗೀತೆಗಳನ್ನು ಊದುವುದುಂಟು. ಹಾಗೆ ಬೇರೆಯವರ ಹಾಡನ್ನು ತಮ್ಮ ವಾದ್ಯಕ್ಕೆ ಇಳಿಸಿಕೊಳ್ಳುವುದಕ್ಕೆ ಅವರು ತಮ್ಮೊಳಗೆ ಬಳಸುವ ಪದವೊಂದು ಸಾಗರ, ಹೊಸನಗರದ ಕಡೆಯ ಯಾರಿಗಾದರೂ ಗೊತ್ತಿದ್ದರೆ, ಅದನ್ನೇ ಆಮಂತ್ರಣದಲ್ಲಿ ಹಾಕಿಸುತ್ತೇನೆ. ಅಲ್ಲಿಯವರೆಗೆ ಮುದ್ರಣವನ್ನು ತಡೆದಿಟ್ಟಿದ್ದೇನೆ.